ಖಾಲಿ ಡಬ್ಬಿಯ ಭೌತಶಾಸ್ತ್ರ

ನನ್ನ ಷಡ್ಡಕರು, ಅಂದರೆ ಹೆಂಡತಿಯ ತಂಗಿಯ ಗಂಡ, ಜಗತ್ತಿನಲ್ಲಿ ವಸ್ತುಗಳೇ ಇಲ್ಲ ಎಂದು ನಂಬಿದವರು. ಆದರೂ ಎರಡನೇ ಹೋಳಿಗೆ ಕೇಳುತ್ತಿದ್ದರು. ಇಲ್ಲದ್ದನ್ನು ಎರಡು ಸಲ ಬಡಿಸುವುದು ಹೇಗೆ?

ತೊಂಬತ್ತರ ದಶಕದಲ್ಲಿ ಅವರು ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ನವನಗರದಲ್ಲಿ ನಮ್ಮ ಹಿಂದಿನ ಓಣಿಯಲ್ಲೇ ಮನೆ. ನಾನು ಬೆಳಗಿನ ಐದೂವರೆಗೆ ತಿರುಗಾಡಲು ಹೊರಡುವವನು. ಐದು ನಿಮಿಷ ತಡವಾದರೆ ನನ್ನ ಪಾಲಿಗೆ ಅದು ಮಧ್ಯಾಹ್ನ. ಅವರು ಜೊತೆಗೆ ಬಂದರೆ ಉಣಕಲ್ ಕೆರೆ ದಂಡೆಯ ಮೇಲೆ ನಿಂತೇಬಿಡುವರು.

“ಅಣ್ಣಾರ, ಆ ತೆರಿ ನೋಡ್ರಿ. ತೆರಿ ಅಂಬೋದು ಬ್ಯಾರೆ ವಸ್ತು ಏನ್ರಿ? ನೀರು ಅಲ್ಲಾಡೋ ರೀತಿ ಅದು. ಎಲೆಕ್ಟ್ರಾನ್ ಸುದ್ದಾ ಹಂಗ. ಎಲ್ಲಾ ಕಡೆ ಹರಡಿದ ಒಂದು ಕ್ಷೇತ್ರ ಐತಿ. ಅದು ನಡುಗಿದ್ದಕ್ಕ ನಾವು ಕಣ ಅಂತೀವಿ.”

“ಖರೇರಿ. ಈಗ ನಡೀರಿ.”

ಬೆಳಕು ಬಿಡಿಬಿಡಿ ತುಣುಕಾಗಿ ಬರುತ್ತದೆಂದು ವಿಜ್ಞಾನಿಗಳು ಮೊದಲು ಕಂಡುಕೊಂಡರಂತೆ. ಸಾವಿರದ ಒಂಬೈನೂರ ಇಪ್ಪತ್ತರ ದಶಕದ ಕೊನೆಗೆ ಕೆಲವು ತರುಣರು ಆ ನಿಯಮವನ್ನು ಬೆಳಕಿನ ಕ್ಷೇತ್ರಕ್ಕೇ ಹಚ್ಚಿದರಂತೆ. ಲೆಕ್ಕ ಹಾಕಿದರೆ ಉತ್ತರ ಅನಂತ! ಅದನ್ನು ಪಳಗಿಸಲು ಅವರಿಗೆ ಎರಡು ದಶಕ ಬೇಕಾಯಿತಂತೆ. ಕೇಳುವವನಿಗೂ ಅಷ್ಟೇ ಬೇಕಾಗುತ್ತಿತ್ತು.

ಒಮ್ಮೆ ಮಿರ್ಚಿ ಭಜಿ ಅಂಗಡಿಯವನನ್ನೂ ಹಿಡಿದರು. “ಕ್ಷೇತ್ರ ಒಂದ ಇರೋದಕ್ಕ ಎಲೆಕ್ಟ್ರಾನ್ ಎಲ್ಲಾ ಒಂದ ನಮೂನಿ. ನಿನ್ನ ಮಿರ್ಚಿ ಯಾಕೋ ಸಣ್ಣ-ದೊಡ್ಡ?”

“ದೊಡ್ಡದು ಬೇಕೇನ್ರಿ ಸರ?”

ಇದೆಲ್ಲ ನಗೆಯಲ್ಲೇ ಮುಗಿಯುತ್ತಿತ್ತು. ಆದರೆ ಒಂದು ನಾಗರಪಂಚಮಿಗೆ ನನ್ನ ಹೆಂಡತಿ ತಂಗಿಗೆ ಡಬ್ಬಿ ತುಂಬ ಉಂಡಿ ಕಳಿಸಿದಳು. ನಮ್ಮಲ್ಲಿ ಡಬ್ಬಿಯನ್ನು ಬರಿದಾಗಿ ಮರಳಿಸುವುದಿಲ್ಲ. ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತಾರೆ. ಷಡ್ಡಕರು ಅದನ್ನು ಫಳಫಳ ತೊಳೆದು ಹಾಗೇ ತಂದರು.

“ಖಾಲಿ ತಂದೀರಲ್ಲ?”

“ಖಾಲಿ ಅಂಬೋದ ಇಲ್ರೀ ಅಕ್ಕಾರ. ಗಾಳಿ ತಗದ್ರೂ ಕ್ಷೇತ್ರ ಉಳೀತೈತಿ, ಸುಮ್ಮನಿರಂಗಿಲ್ಲ. ಈ ಡಬ್ಬ್ಯಾಗ ಈಗೂ ನಡುಗಾಕತ್ತೈತಿ.”

“ನಡುಗಾಕತ್ತಿದಾಕಿ ನಾನು,” ಎಂದು ಅವಳು ಬಾಗಿಲು ಹಾಕಿದಳು.

ತಂಗಿಗೆ ಸೊಕ್ಕು ಬಂದಿದೆ ಎಂದು ಇವಳು. ಅಕ್ಕ ಹಿಡಿ ಸಕ್ಕರೆಗೆ ಸಂಬಂಧ ತೂಗುತ್ತಾಳೆ ಎಂದು ಅವಳು. ಮಾತು ನಿಂತಿತು. ದಸರೆಗೆ ಓಣಿಯ ವೈರಿಗಳೂ ಬನ್ನಿ ಎಲೆ ಕೊಟ್ಟು ಒಂದಾದರು, ಅಕ್ಕ-ತಂಗಿ ಆಗಲಿಲ್ಲ.

ಮರುದಿನ ಷಡ್ಡಕರು ಒಬ್ಬರೇ ಬಂದು ಮೆಟ್ಟಿಲ ಮೇಲೆ ನಿಂತರು.

“ಅಕ್ಕಾರ, ಸಕ್ಕರಿ ಹಾಕ್ಕೊಂಡು ಹೋಗ್ರಿ ಅಂತ ಆಕಿ ಹೇಳಿದ್ಲು. ನಾನ ಕೇಳಲಿಲ್ಲ. ನಿನ್ನೆ ಬನ್ನಿ ಹಿಡಕೊಂಡು ಓಣಿ ತುದೀತನಕ ಬಂದು ತಿರುಗಿ ಹೋದ್ಲ್ರಿ. ಆವಾಗಿಂದ ಉಂಡಿಲ್ಲ. ಏನು ಮಾಡಬೇಕೋ ತಿಳೀವಲ್ದು.”

ನನ್ನ ಹೆಂಡತಿ ಚಪ್ಪಲಿಯನ್ನೂ ಮೆಟ್ಟದೆ ಹೋದಳು.

ನಾವಿಬ್ಬರೂ ಕಟ್ಟೆಯ ಮೇಲೆ ಕೂತೆವು. ಸ್ವಲ್ಪ ಹೊತ್ತಿಗೆ ಹಿಂದಿನ ಓಣಿಯಿಂದ ಎರಡು ದನಿ ಒಟ್ಟಿಗೇ ಕೇಳಿದವು. ಇಬ್ಬರೂ ಬೈಯುತ್ತಿದ್ದುದು ಇವರನ್ನೇ. ಇವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಬೈಲಿ ಬಿಡ್ರಿ, ಅಣ್ಣಾರ. ಇನ್ನಷ್ಟು ಬೈಲಿ.”