ಅಮೇರಿಕಾದ ಸಿಂಫನಿಗೆ ಮಂಗಳ ಮಾಡಲು ಭವನದ ಕೀಲಿ ಕೋರಿ

ಇಂದ:
ಬಸಯ್ಯ, ವಿಭೂತಿ ಮತ್ತು ಊದಿನಕಡ್ಡಿ ಅಂಗಡಿ,
ಹಳೇ ಪೇಟೆ ಓಣಿ, ಬೈಲಹೊಂಗಲ.

ಗೆ:
ಶ್ರೀ ನಿಜಗುಣಪ್ಪನವರು, ಅಧ್ಯಕ್ಷರು,
ಪುರಾಣ ಭವನ ಸಮಿತಿ, ಸದರಿ ಓಣಿ.

ವಿಷಯ: ಅರ್ಧಕ್ಕೆ ನಿಂತ ಸಿಂಫನಿಯ ನಾಲ್ಕನೇ ಭಾಗವನ್ನು ಭವನದಲ್ಲಿ ಹಚ್ಚಿ ಮಂಗಳ ಮಾಡಲು ಅನುಮತಿ ನೀಡುವ ಕುರಿತು.

ಉಲ್ಲೇಖ: ಕಳೆದ ಸೋಮವಾರ ತಾವು ಭವನಕ್ಕೆ ಕೀಲಿ ಹಾಕುತ್ತ ಮೆಟ್ಟಿಲ ಮೇಲೆ ನಿಂತು ಹೇಳಿದ ಮಾತು: “ಏನಿದ್ರೂ ಬರದು ಕೊಡ್ರಿ ಅಯ್ಯಾರ, ಬಾಯಿಲೆ ಬ್ಯಾಡ.”

ಮಾನ್ಯರೇ,

ಮೇಲಿನ ಮಾತಿಗೆ ತಲೆಬಾಗಿ ಬರೆದುಕೊಡುವುದೇನೆಂದರೆ, ಈ ಅರ್ಜಿಯಲ್ಲಿ ಬರುವ ‘ಅರ್ಜಿದಾರ’ನು ಬಸಯ್ಯನೇ. ಆತನ ಪೆದ್ದುತನವನ್ನು ‘ನಾನು’ ಎಂದು ಬರೆಯಲು ಆತನಿಗೇ ಕೈ ಬಾರದ ಕಾರಣ, ಆತನನ್ನು ಸ್ವಲ್ಪ ದೂರ ನಿಲ್ಲಿಸಿ ಹೇಳಲಾಗಿದೆ.

೧. ಅರ್ಜಿದಾರನು ವಚನ, ಪುರಾಣ ಕೇಳುತ್ತ ಬೆಳೆದವನು. ಧಾರವಾಡದ ಹಳೇ ಪುಸ್ತಕದಂಗಡಿಯಲ್ಲಿ ಒಂದು ಸಿ.ಡಿ. ಕಣ್ಣಿಗೆ ಬಿತ್ತು. ಮೇಲೆ ಮನುಷ್ಯರಿಲ್ಲದ ಬಯಲಿನ ಚಿತ್ರ. ಸವದತ್ತಿ ರಸ್ತೆಯ ಎರೆಹೊಲದಂತೆ ಕಂಡದ್ದರಿಂದ, ಇದು ನಮ್ಮ ಕಡೆಯ ಯಾರೋ ಹಾಡಿದ ವಚನವಿರಬೇಕೆಂದು ತಂದನು. ಮೊದಲ ಭಾಗ ಹಚ್ಚಿದರೆ ಒಬ್ಬರೂ ಹಾಡಲಿಲ್ಲ. ಮೊದಲ ಸಲ, ಮಾತು ಇನ್ನೇನು ಬಂದೀತು ಎಂದು ಕಾಯ್ದನು. ಎರಡನೇ ಸಲ ಕಾಯುವುದನ್ನೇ ಮರೆತನು.

೨. ಕಳೆದ ಶತಮಾನದಲ್ಲಿ ಅಮೇರಿಕಾದವರೊಬ್ಬರು ಕಟ್ಟಿದ ಸಿಂಫನಿ, ಎಂದರೆ ನಾಲ್ಕು ಭಾಗಗಳ ವಾದ್ಯಮೇಳ, ಅದು. ಅವರ ಹೆಸರು ಅರ್ಜಿದಾರನ ನಾಲಿಗೆಗೆ ಹತ್ತದ ಕಾರಣ ಕೈಮುಗಿದು ಬಿಟ್ಟಿದ್ದಾನೆ. ಪಿಟೀಲುಗಳು ತಳದಲ್ಲಿ ಹೊಲದಂತೆ ಹರಡಿಕೊಳ್ಳುತ್ತವೆ. ದೂರದ ಬದುವಿನ ಮೇಲೆ ಒಂದೇ ಕಹಳೆ ಕೂಗುತ್ತದೆ. ಎಲ್ಲೆಲ್ಲಿಗೋ ಹೋದ ರಾಗ, ವಚನದ ಕೊನೆಗೆ ಅಂಕಿತ ಬರುವಂತೆ, ಮೊದಲಿನ ಕೂಗಿಗೇ ಮರಳಿ ಬಂದು ನಿಲ್ಲುತ್ತದೆ. ಅಲ್ಲಿ ಆತನ ಕೈಗಳು ತಾವಾಗಿಯೇ ಜೋಡಿಸಿಕೊಂಡವು. ಇದು ಪುರಾಣವೇ ಎಂದು ಆತನು ತೀರ್ಮಾನಿಸಿದ್ದು ಆಗಲೇ.

೩. ಪುರಾಣವೆಂದ ಮೇಲೆ ಕಟ್ಟುಪಾಡೂ ಬಂತು. ಸೋಮವಾರಕ್ಕೊಂದು ಭಾಗದಂತೆ ಭವನದಲ್ಲಿ ಹಚ್ಚುವುದು. ಸಭೆಗಿಂತ ಮೊದಲು ತಾನೊಬ್ಬನೇ ಮುಂದಿನ ಭಾಗ ಕೇಳದಿರುವುದು. ಮಂಗಳವಾಗುವವರೆಗೆ ಮನೆಯಲ್ಲಿ ಉಳ್ಳಾಗಡ್ಡಿ ಬಿಡುವುದು. ಸಂಕಲ್ಪದ ಸುದ್ದಿ ಕೇಳಿ ಆತನ ಹೆಂಡತಿ ಶೈಲಜಾ, “ಅಮೇರಿಕಾದವರು ಬಾಜಾ ಬಾರಿಸಿದ್ರ ನನ್ನ ಪಲ್ಯಾಕ ಯಾಕ್ರಿ ಉಪವಾಸ?” ಎಂದು ಕೇಳಿದ್ದಾಳೆ.

೪. ಭವನದ ಪದ್ಧತಿ ತಮಗೆ ತಿಳಿದದ್ದೇ. ಒಬ್ಬರು ಪದ್ಯ ಹಾಡಬೇಕು, ಇನ್ನೊಬ್ಬರು ತಡೆದು ಅರ್ಥ ಹೇಳಬೇಕು. ಮೊದಲ ಸೋಮವಾರ ಕಹಳೆ ಕೂಗಿದ್ದೇ ತಡ, ಮುಂದಿನ ಸಾಲಿನಿಂದ ನಮ್ಮ ಓಣಿಯ ಚನ್ನವ್ವ, “ಅರ್ಥಾ ಹೇಳ್ರಿ ಅಯ್ಯಾರ!” ಎಂದಳು. ಆದ್ದರಿಂದ ಅರ್ಜಿದಾರನು ಯಂತ್ರ ನಿಲ್ಲಿಸಿ ಅರ್ಥ ಹೇಳಿದನು. ಎಲ್ಲಿಂದ ಬಂತೋ ಆತನಿಗೂ ತಿಳಿಯದು. ಕಹಳೆಯೆಂದರೆ ಸಿರಸಂಗಿಯ ಒಬ್ಬ ತಂದೆ. ಕೊಳಲೆಂದರೆ ಆತನ ಮಗಳು, ಲಗ್ನವಾಗಿ ಬೇರೆ ಊರಿಗೆ ಹೋದವಳು. ಎರಡನೇ ಭಾಗದ ಮೆಲ್ಲನೆಯ ರಾಗವೆಂದರೆ ತಂದೆ ತೀರಿಕೊಂಡು ಅಣ್ಣತಮ್ಮಂದಿರು ಬೇರೆಯಾದದ್ದು. ಮೂರನೆಯದು ಕುಣಿಕುಣಿದು ಬಂತು. ಅದು ಪಂಚಮಿಯ ಜೋಕಾಲಿ ಎಂದನು. ಓಣಿಯ ಹೆಣ್ಣುಮಕ್ಕಳನ್ನೆಲ್ಲ ತವರಿನವರು ಬಂದು ಕರೆದೊಯ್ದರು, ಈ ಮಗಳನ್ನು ಕರೆಯಲು ಮಾತ್ರ ಯಾರೂ ಬರಲಿಲ್ಲ ಎಂದನು.

೫. ಚನ್ನವ್ವನ ತವರೂ ಸಿರಸಂಗಿಯೆಂದು, ಅಣ್ಣತಮ್ಮಂದಿರು ಪಾಲಾದಾಗಿನಿಂದ ಪಂಚಮಿಗೆ ಆಕೆಯನ್ನು ಕರೆಯಲು ಯಾರೂ ಬಂದಿಲ್ಲವೆಂದು ಅರ್ಜಿದಾರನಿಗೆ ಆಗ ತಿಳಿದಿರಲಿಲ್ಲ. ಆಕೆ ಸೆರಗು ಬಾಯಿಗೆ ಹಿಡಿದದ್ದನ್ನು ಕಂಡು, ತನ್ನ ವಾಕ್ಚಾತುರ್ಯಕ್ಕೆ ಸಭೆ ಕರಗಿತೆಂದು ಒಳಗೊಳಗೇ ಉಬ್ಬಿದನು. ಇದನ್ನು ದಾಖಲಿಸಬೇಕಾಗಿ ವಿನಂತಿ.

೬. ಆಗಲೇ ಸಮಿತಿಯ ಕಾರ್ಯದರ್ಶಿಗಳೂ ನಿವೃತ್ತ ಇಂಗ್ಲಿಷ್ ಮಾಸ್ತರರೂ ಆದ ಅಂದಾನೆಪ್ಪನವರು ಸಿ.ಡಿ.ಯ ಹೊದಿಕೆಯೊಳಗಿನ ಚೀಟಿ ಓದಿ ಎದ್ದು ನಿಂತರು.

“ಅಯ್ಯಾರ, ಇದರಾಗ ತಂದಿನೂ ಇಲ್ಲ, ಮಗಳೂ ಇಲ್ಲ. ಮಾತಽ ಇಲ್ಲ. ನೀವು ಯಾವದಕ್ಕ ಅರ್ಥಾ ಹೇಳಾಕ ಹತ್ತೀರಿ?”

“ಕಹಳಿ ಕೂಗಿದ್ದು ಕೇಳಲಿಲ್ಲೇನ್ರಿ ಮಾಸ್ತರ?”

“ಕೂಗಿದ್ದು ಕೇಳೇನಿ. ಸಿರಸಂಗಿ ಅಂದಿದ್ದು ಕೇಳಿಲ್ಲ!”

ಸಭೆ ನಕ್ಕಿತು. ಇಲ್ಲದ ಅರ್ಥ ಹೇಳುವವರಿಗೆ ಭವನ ಕೊಡಲಾಗದೆಂದು ತಾವು ಕೀಲಿ ಹಾಕಿದಿರಿ. ಅರ್ಜಿದಾರನ ತಕರಾರಿಲ್ಲ. ಮಾಸ್ತರರ ಮಾತು ಖರೆ.

೭. ಆದರೆ ಮರುದಿನ ಬೆಳಿಗ್ಗೆ ಚನ್ನವ್ವ ಅಂಗಡಿಗೆ ಬಂದು, ವಿಭೂತಿ ಕೊಳ್ಳದೆ ಕಟ್ಟೆಯ ಮೇಲೆ ಕುಂತಳು.

“ಆ ಕೊಳಲಿನಾಕಿ ತವರಿಗೆ ಬಂದ್ಲೇನ್ರಿ ಅಯ್ಯಾರ?”

“ನನಗೂ ಗೊತ್ತಿಲ್ಲವ್ವಾ. ನಾಕನೇದು ನಾನೂ ಕೇಳಿಲ್ಲ. ಮತ್ತ ಅದು... ನಾ ಹೇಳಿದ್ದು ಸುಳ್ಳು ಅರ್ಥ.”

“ಗೊತ್ತೈತ್ರಿ. ಮಾಸ್ತರು ಹೇಳಿದ್ರಲ್ಲ.”

“ಮತ್ತ?”

“ಅರ್ಥಾ ಬ್ಯಾಡ್ರಿ. ನೀವು ನಡನಡುವ ನಿಲ್ಲಿಸಿ ಮಾತಾಡೂದರಾಗ ಅರ್ಧಾ ಕೇಳಸಲಽ ಇಲ್ಲ. ಈ ಸಲ ಬಾಯಿ ಮುಚ್ಚಿಕೊಂಡು ಬರೇ ಹಚ್ಚ್ರಿ. ಅಕಿ ಬಂದ್ಲಂದ್ರ ನನಗ ತಿಳೀತೈತಿ.”

ಅರ್ಥ ಹೇಳುವವನಾಗಿ ಅರ್ಜಿದಾರನ ಸೇವೆಯು ಅಲ್ಲಿಗೆ ಮುಕ್ತಾಯವಾಯಿತು.

೮. ಆಕೆಯೊಬ್ಬಳಿಗೆ ಮನೆಯಲ್ಲೇ ಕೇಳಿಸಬಹುದಲ್ಲ ಎಂದು ತಾವು ಕೇಳಬಹುದು. ಸಭೆಯಲ್ಲಿ ಶುರುವಾದದ್ದಕ್ಕೆ ಸಭೆಯಲ್ಲೇ ಮಂಗಳವಾಗಬೇಕು. ಅಲ್ಲದೆ ಮೂರನೇ ಸೋಮವಾರ ಜೋಕಾಲಿ ಮುಗಿಯುವವರೆಗೆ ತಾವು ಒಳಗೆ ಬಾರದೆ ಕಿಟಕಿಯ ಹೊರಗೆ ಚಪ್ಪಲಿ ಕಳಚಿ ನಿಂತಿದ್ದನ್ನು ಅರ್ಜಿದಾರನು ನೋಡಿದ್ದಾನೆ. ಯಾರಿಗೂ ಹೇಳಿಲ್ಲ.

ಕಾರಣ, ಬರುವ ಸೋಮವಾರ ಸಂಜೆ ಭವನದ ಕೀಲಿ ಕೊಡಿಸಬೇಕು. ಅರ್ಜಿದಾರನು ಯಂತ್ರದಿಂದ ದೂರ, ಹಿಂದಿನ ಗೋಡೆಗೆ ಒರಗಿ ಕೂರುತ್ತಾನೆ. ಗುಂಡಿ ಒತ್ತುವ ಕೆಲಸ ಅಂದಾನೆಪ್ಪ ಮಾಸ್ತರರದು. ಮುಗಿದ ಮೇಲೆ ಚನ್ನವ್ವ ಏಳುವವರೆಗೆ ಯಾರೂ ಏಳಕೂಡದು, ಆಕೆಯನ್ನು ಏನೂ ಕೇಳಕೂಡದು. ಆಕೆ ಎದ್ದರೆ ಅದೇ ಮಂಗಳವೆಂದು ಸಮಿತಿಯು ಮಾನ್ಯ ಮಾಡಬೇಕು. ಪ್ರಸಾದಕ್ಕೆ ಉಳ್ಳಾಗಡ್ಡಿ ಭಜಿ ಇರಲೆಂದು ಶೈಲಜಾಳ ಪ್ರತ್ಯೇಕ ಕೋರಿಕೆ.

ಇಂತಿ ತಮ್ಮ ವಿಶ್ವಾಸಿ, ಇನ್ನು ಮುಂದೆ ಬರೀ ಕೇಳುಗ,
ಬಸಯ್ಯ

ಲಗತ್ತುಗಳು:
೧. ಸಿ.ಡಿ. (ಆಸೆ ತಡೆಯಲಾಗದೆ ಮುಂದಿನದನ್ನು ಒಬ್ಬನೇ ಕೇಳಿಬಿಟ್ಟಾನೆಂಬ ಭಯದಿಂದ ತಮ್ಮ ವಶಕ್ಕೆ. ತಾವೂ ಕೇಳಕೂಡದು.)
೨. ಉಳ್ಳಾಗಡ್ಡಿ, ಒಂದು. (ಮಂಗಳದ ನಂತರ ಹಿಂತಿರುಗಿಸುವುದು.)