ಅನಾನಸ್ ಕೇಕ್ ಹಾಗೂ ಪೂರ್ವಾನುಭವದ ಕುರಿತು

ಶುಶ್ರೂಷಾ ವಿಭಾಗದ ಕಚೇರಿ, ಐದನೇ ಮಹಡಿ
ದಕ್ಷಿಣ ತೈವಾನ್ ವಲಯ

ಸಂಖ್ಯೆ: ಶುವಿ/ನವಜಾತ/ಅನುಭವ/೪೭

ವಿಷಯ: ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ ಅನುಭವವಿಲ್ಲದ ನರ್ಸ್‌ಗಳು ಅರ್ಜಿ ಹಾಕುತ್ತಿರುವ ಬಗ್ಗೆ.

ಉಲ್ಲೇಖ: (ಅ) ವೃದ್ಧರ ವಾರ್ಡಿನ ನರ್ಸ್ ಕುಮಾರಿ ತ್ಸೆಂಗ್ ಯೂ-ಚಿ ಇವರ ಏಳನೇ ಅರ್ಜಿ. (ಆ) ಇವರದೇ ಮೊದಲ ಆರು ಅರ್ಜಿಗಳು (ಸಿಗುತ್ತಿಲ್ಲ).

ಸದರಿ ಘಟಕದ ಒಂದೇ ಒಂದು ಖಾಲಿ ಹುದ್ದೆಗೆ ಅರ್ಧ ಆಸ್ಪತ್ರೆಯೇ ಅರ್ಜಿ ಹಾಕಿರುವುದರಿಂದ, ಎಲ್ಲ ಸಿಬ್ಬಂದಿಗೆ ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ:

೧. ಘಟಕಕ್ಕೆ ಸೇರಲು ಅದೇ ಘಟಕದಲ್ಲಿ ಎರಡು ವರ್ಷ ದುಡಿದ ಅನುಭವ ಕಡ್ಡಾಯ. ಆ ಅನುಭವ ಪಡೆಯಲು ಘಟಕಕ್ಕೆ ಸೇರಿರತಕ್ಕದ್ದು. ಇವೆರಡರಲ್ಲಿ ಯಾವುದು ಮೊದಲೆಂಬುದನ್ನು ಅಭ್ಯರ್ಥಿಯ ವಿವೇಚನೆಗೆ ಬಿಡಲಾಗಿದೆ.

೨. ವೃದ್ಧರ ವಾರ್ಡಿನ ಸೇವೆಯನ್ನು ಪರಿಗಣಿಸಲಾಗುವುದಿಲ್ಲ. ವೃದ್ಧರೂ ಒಂದು ಕಾಲಕ್ಕೆ ಶಿಶುಗಳೇ ಆಗಿದ್ದರೆಂಬ ಕುಮಾರಿ ತ್ಸೆಂಗ್ ಅವರ ವಾದಕ್ಕೆ ಪೂರಕ ದಾಖಲೆ ಲಗತ್ತಿಸಿಲ್ಲ.

೩. ತಾನೂ ಏಳು ತಿಂಗಳಿಗೇ ಹುಟ್ಟಿ, ಇಂಥದೇ ಗಾಜಿನ ಪೆಟ್ಟಿಗೆಯಲ್ಲಿ ಬದುಕಿ ಉಳಿದವಳು, ಆದ್ದರಿಂದ ಬೇರೆಲ್ಲೂ ಕೆಲಸ ಮಾಡಲು ಮನಸ್ಸಿಲ್ಲ ಎಂದು ಸದರಿಯವರು ಬರೆದಿರುತ್ತಾರೆ. ರೋಗಿಯಾಗಿ ಕಳೆದ ಅವಧಿಯನ್ನು ಸೇವಾವಧಿ ಎಂದು ಎಣಿಸಲು ಅವಕಾಶವಿರುವುದಿಲ್ಲ.

೪. ಅನುಭವವೆಲ್ಲಿ ಎಂದು ಸಂದರ್ಶನದಲ್ಲಿ ಮುಖ್ಯ ನರ್ಸ್ ಶ್ರೀಮತಿ ಪಾನ್ ಕೇಳಲಾಗಿ, ಸದರಿಯವರು "ಒಳಗೆ ಬಿಟ್ರೆ ತಾನೇ ಅಕ್ಕಾ ಅನುಭವ ಬರೋದು? ಬಾಗಿಲ ಹೊರಗೆ ನಿಂತ್ಕೊಂಡು ಎಲ್ಲಿಂದ ತರ್ಲಿ?" ಎಂದಿರುತ್ತಾರೆ. ಅದಕ್ಕೆ ಸಂದರ್ಶನ ಸಮಿತಿಯು ಚಹಾ ತರಿಸಿರುತ್ತದೆ.

೫. ಚಹಾದ ಜೊತೆಗಿರಲೆಂದು ಸದರಿಯವರು ತಾಯಿ ಕಟ್ಟಿಕೊಟ್ಟ ಡಬ್ಬಿ ಬಿಚ್ಚಿದಾಗ ಅನಾನಸ್ ಕೇಕ್ ಕಂಡುಬಂದಿದ್ದು, ಸಮಿತಿಯ ಮುಖ ಬಿಳುಚಿಕೊಂಡಿತು. ಅನಾನಸ್ಸಿನ ಹೆಸರು ಇಲ್ಲಿನ ಭಾಷೆಯಲ್ಲಿ 'ಸಮೃದ್ಧಿ ಬರಲಿ' ಎಂದು ಕೇಳಿಸುವುದರಿಂದ, ಅದು ಕಾಲಿಟ್ಟ ವಾರ್ಡಿಗೆ ರೋಗಿಗಳೇ ಸಮೃದ್ಧಿಯಾಗಿ ಸಾಲುಗಟ್ಟುತ್ತಾರೆಂದು ಇಲ್ಲಿ ಯಾರಿಗೆ ಗೊತ್ತಿಲ್ಲ? ವಿಭಾಗವು ಮೂಢನಂಬಿಕೆಯನ್ನು ನಂಬುವುದಿಲ್ಲ. ಡಬ್ಬಿಯನ್ನು ಕೂಡಲೇ ಲೆಕ್ಕಪತ್ರ ಶಾಖೆಗೆ ಸಾಗಿಸಲಾಯಿತು.

೬. ಚಹಾ ಆರುವ ಮೊದಲೇ ದಿನ ತುಂಬದ ನಾಲ್ಕು ಶಿಶುಗಳು ಘಟಕಕ್ಕೆ ಒಟ್ಟಿಗೆ ಬಂದವು. ಕೈ ಸಾಲದೆ ಶ್ರೀಮತಿ ಪಾನ್, "ಏ ಹುಡುಗಿ, ಕೈ ತೊಳ್ಕೊಂಡು ಬಾ. ನಾನು ಹೇಳಿದ್ದಷ್ಟೇ ಮಾಡು" ಎಂದರು. ಅದರಂತೆ ಸದರಿಯವರು ಅತಿ ಚಿಕ್ಕ ಮಗುವಿನ ತಲೆಗೊಂದು, ಪಾದಕ್ಕೊಂದು ಅಂಗೈಯ ಒತ್ತಾಸೆ ಕೊಟ್ಟು, ಮಗು ಅಳು ನಿಲ್ಲಿಸಿ ನಿದ್ದೆ ಹೋಗುವವರೆಗೂ ಕದಲದೆ ನಿಂತಿದ್ದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಹೇಳಿದರು. ಅನುಭವಿಗಳ ಬಾಯಿಂದ ಇಂಥ ಮಾತು ಬಂದ ದಾಖಲೆ ಈ ಘಟಕದಲ್ಲಿಲ್ಲ.

೭. ಇದನ್ನು ಅನುಭವವೆಂದು ಪರಿಗಣಿಸತಕ್ಕದ್ದಲ್ಲ. ಅನುಭವವಿಲ್ಲದವರನ್ನು ನೇಮಿಸಲು ನಿಯಮದಲ್ಲಿ ಅವಕಾಶವೂ ಇಲ್ಲ. ಆದರೆ ಶಿಕ್ಷೆಗೆ ಪೂರ್ವಾನುಭವ ಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ಆದಕಾರಣ, ಅನಾನಸ್ ತಂದ ತಪ್ಪಿಗಾಗಿ ಕುಮಾರಿ ತ್ಸೆಂಗ್ ಅವರನ್ನು ಸದರಿ ಘಟಕದಲ್ಲಿಯೇ ಪೂರ್ಣ ಸಂಬಳದ ಮೇಲೆ ಎರಡು ವರ್ಷ ದುಡಿಯುವ ಶಿಕ್ಷೆಗೆ ಗುರಿಪಡಿಸಲಾಗಿದೆ. ಶಿಕ್ಷೆ ಮುಗಿದ ಬಳಿಕ ಅವರು ಅನುಭವಿಗಳಾಗಿ ಅರ್ಜಿ ಸಲ್ಲಿಸಬಹುದು.

೮. ಈ ಶಿಕ್ಷೆಯನ್ನು ಓದಿ ಹೇಳಿದಾಗ ಸದರಿಯವರು ಗಳಗಳನೆ ಅತ್ತಿದ್ದು, ಅದನ್ನು ಪಶ್ಚಾತ್ತಾಪವೆಂದು ನಮೂದಿಸಿಕೊಳ್ಳಲಾಗಿದೆ. ಶ್ರೀಮತಿ ಪಾನ್ ಅವರ ಕಣ್ಣಲ್ಲೂ ನೀರು ಬಂದಿದ್ದು, ಅದಕ್ಕೆ ಕಾರಣ ಕೇಳಿ ನೋಟಿಸ್ ನೀಡಲಾಗಿದೆ.

ಸಹಿ/-
(ಪಾನ್ ಸು-ಚ್ಯೋಂಗ್)
ಮುಖ್ಯ ನರ್ಸ್, ಶುಶ್ರೂಷಾ ವಿಭಾಗದ ಪರವಾಗಿ

ಪ್ರತಿಗಳು:
೧. ಲೆಕ್ಕಪತ್ರ ಶಾಖೆ: ಡಬ್ಬಿಯನ್ನು ತೊಳೆದು ಹಿಂದಿರುಗಿಸುವುದು.
೨. ವೃದ್ಧರ ವಾರ್ಡ್: ಬದಲಿ ನರ್ಸ್ ಬೇಕಿದ್ದಲ್ಲಿ, ವೃದ್ಧರಾಗಿ ಅನುಭವವಿರುವವರನ್ನು ಹುಡುಕಿಕೊಳ್ಳುವುದು.
೩. ಕುಮಾರಿ ತ್ಸೆಂಗ್ ಅವರ ತಾಯಿ: ಮಗಳಿಗಾದ ಶಿಕ್ಷೆಯ ಮಾಹಿತಿಗಾಗಿ. ಅಭಿನಂದನೆ ಹೇಳುವ ಅಧಿಕಾರ ಈ ಕಚೇರಿಗಿಲ್ಲ.