ವಡ್ಡಿನ ಟ್ಯಾಂಕಿಗೆ ವಿಭೂತಿ

ನಮ್ಮ ತಮ್ಮನ ತಲೆಯಲ್ಲಿ ಮಿದುಳಿನ ಬದಲು ಕಾಂಕ್ರೀಟ್ ತುಂಬಿದೆ ಎಂದು ನಾನು ಹೇಳಿದರೆ ಅವನಿಗೆ ಸಿಟ್ಟು ಬರುವುದಿಲ್ಲ. ಹೊಗಳಿದೆ ಎಂದುಕೊಳ್ಳುತ್ತಾನೆ! ಚಿತ್ತವಾಡ್ಗಿಯಲ್ಲಿ ಅವನದೊಂದು ಫೋಟೋ ಸ್ಟುಡಿಯೋ. ಆಗ ಅದಿರು ಲಾರಿಗಳ ಕಾಲ. ಲೈಸೆನ್ಸಿನ ಫೋಟೋಕ್ಕೆಂದು ಡ್ರೈವರುಗಳು ಬಾಗಿಲಲ್ಲಿ ಸಾಲು ನಿಂತಿರುತ್ತಿದ್ದರು. ಇವನು ಮಾತ್ರ ಶಟರ್ ಎಳೆದು, ಕಪ್ಪು-ಬಿಳುಪು ರೀಲು ಹಾಕಿಕೊಂಡು, ಗಿಲಾವು ಕಾಣದ ಬೋಳು ಸಿಮೆಂಟ್ ಕಟ್ಟಡಗಳನ್ನು ಹುಡುಕಿಕೊಂಡು ಹೋಗಿಬಿಡುತ್ತಿದ್ದ. ಅದಿರಿನ ಧೂಳಿಗೆ ನಮ್ಮ ಎಮ್ಮೆ ಕೂಡ ಕೆಂಪಾಗಿತ್ತು. ಇವನಿಗೆ ಕಪ್ಪು-ಬಿಳುಪೇ ಬೇಕು!

ಜಗತ್ತೆಲ್ಲ ಹಂಪಿಗೆ ಬಂದು ಗುಡಿ ನೋಡಿದರೆ, ಇವನು ಗುಡಿಗೆ ಬೆನ್ನು ಹಾಕಿ ದಾರಿಬದಿಯ ಪಂಪ್‌ಹೌಸಿನ ಫೋಟೋ ತೆಗೆಯುತ್ತಿದ್ದ. ಇವನ ಭಕ್ತಿ ಕಂಡು ಒಬ್ಬ ವಿದೇಶಿಯವನು, ಅದೂ ಹಳೇ ರಾಜರ ಕಾಲದ್ದೇ ಇರಬೇಕೆಂದು ಚಪ್ಪಲಿ ಬಿಟ್ಟು ಒಳಗೆ ಹೋದ!

ನನ್ನ ಮಗಳ ಮದುವೆಯ ಫೋಟೋ ತೆಗೆದವನೂ ಇವನೇ. ಆಲ್ಬಮ್ ತೆರೆದರೆ ಹದಿನಾಲ್ಕು ಫೋಟೋ ಬರೀ ಕಲ್ಯಾಣಮಂಟಪದ ಮೆಟ್ಟಿಲು.

“ಲೇ, ಮದುಮಗಳು ಎಲ್ಲೆದಾಳ?”

“ಬಿಸಲು ಹೆಂಗ ಬಿದ್ದೈತಿ ನೋಡಕ್ಕಾ, ಮೆಟ್ಲ ಮ್ಯಾಲ!”

“ಮೆಟ್ಲಿಗೆ ತಾಳಿ ಕಟ್ಸೀನೇನಲೇ ನಾನು?”

ಬೀಗರಿಗೆ ಆ ಆಲ್ಬಮ್ ಇಂದಿಗೂ ತೋರಿಸಿಲ್ಲ.

ಒಂದು ದಿನ ಬೆಳಿಗ್ಗೆ ಓಡುತ್ತ ಬಂದ. ರಸ್ತೆ ಅಗಲ ಮಾಡಲು ವಡ್ಡು ಎಂಬ ಊರಿನ ಹಳೆಯ ನೀರಿನ ಟ್ಯಾಂಕನ್ನು ಮರುದಿನವೇ ಕೆಡವುತ್ತಾರಂತೆ. ಎಂಟು ಕಾಲಿನ ಕಾಂಕ್ರೀಟ್ ಟ್ಯಾಂಕು, ಕಾಂಕ್ರೀಟ್ ಸುರಿಯಲು ಸುತ್ತ ಹೊಡೆದಿದ್ದ ಹಲಗೆಯ ಗುರುತು ಇನ್ನೂ ಮೈಮೇಲಿದೆ, ಅಂಥದ್ದು ಸುತ್ತಮುತ್ತ ಇನ್ನೊಂದಿಲ್ಲ ಎಂದು ವರ್ಷಗಟ್ಟಲೆ ಜಪಿಸಿದ್ದ. ಸರಿಯಾದ ಬೆಳಕು ಬರಲಿ ಎಂದು ಕಾಯುತ್ತ ಫೋಟೋ ಮಾತ್ರ ತೆಗೆದಿರಲಿಲ್ಲ! ಕೆಡವುವ ಮೊದಲು ಬಂದು ತೆಗೆಯುತ್ತೇನೆಂದು ಅಲ್ಲಿ ನೀರು ಬಿಡುವ ಮುದುಕನಿಗೆ ಹೇಳಿಕಳಿಸಿ, ಮಧ್ಯಾಹ್ನದ ಮೇಲೆ ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿದ. ಕ್ಯಾಮೆರಾದ ಸ್ಟ್ಯಾಂಡ್ ಹೊರಲು ಯಾರಾದರೂ ಬೇಕಲ್ಲ!

ಹೋಗಿ ನೋಡಿದರೆ, ಶಿವಶಿವಾ! ನಮ್ಮ ಕಡೆ ಸತ್ತವರನ್ನು ಮಣ್ಣಿಗೆ ಒಯ್ಯುವ ಮುಂಚೆ ಮೈ ತೊಳೆದು, ಹೊಸ ಬಟ್ಟೆ ಉಡಿಸಿ, ವಿಭೂತಿ ಬಳಿದು, ಹಾರ ಹಾಕಿ ಫೋಟೋ ತೆಗೆಸುತ್ತಾರೆ. ಊರವರು ಟ್ಯಾಂಕಿಗೂ ಅಷ್ಟನ್ನೂ ಮಾಡಿದ್ದರು! ಹೊಸ ಬಟ್ಟೆಯ ಬದಲು ಗಿಳಿಹಸಿರು ಬಣ್ಣ. ಹೊಟ್ಟೆಯ ಮೇಲೆ ಮೂರೆಳೆ ವಿಭೂತಿ. ಕಾಲಿಗೆ ಚೆಂಡುಹೂವಿನ ಹಾರ. ಹಲಗೆಯ ಗುರುತು ಬಣ್ಣದಡಿ ಮುಚ್ಚಿಹೋಗಿತ್ತು.

ತಮ್ಮ ಅಲ್ಲೇ ನೆಲಕ್ಕೆ ಕುಸಿದ.

“ಯಾಕ್ರಿ ಸರ, ಬಣ್ಣ ಮನಸಿಗೆ ಬರ್ಲಿಲ್ಲೇನ್ರಿ? ನೀಲಿನೂ ಐತ್ರಿ,” ಎಂದ ನೀರು ಬಿಡುವ ಮುದುಕ.

“ಎಲ್ಲಾ ಹೋತಕ್ಕಾ,” ಎಂದ ತಮ್ಮ.

“ನಿನ್ನ ಕಪ್ಪು-ಬಿಳುಪಿನಾಗ ಹಸ್ರು ಯಾರಿಗೆ ಕಾಣ್ತೈತಲೇ? ಏಳು, ಹೊತ್ತು ಮುಣಗತೈತಿ.”

ಎದ್ದು ಸ್ಟ್ಯಾಂಡ್ ಹೂಡಿದ. “ಜರುಗ್ರಿ ಎಲ್ಲಾರೂ!” ಎಂದು ಒದರಿದ. ಜನ ಪಕ್ಕಕ್ಕೆ ಸರಿದರು. ಮುದುಕನೊಬ್ಬನೇ ಟ್ಯಾಂಕಿನ ಕಾಲಿಗೆ ಅಂಗೈ ಹಚ್ಚಿ ನಿಂತುಬಿಟ್ಟಿದ್ದ. ಮೂವತ್ತು ವರ್ಷ ಅದರ ಅಡಿಯಲ್ಲೇ ವಾಲ್ವ್ ತಿರುಗಿಸಿದವನು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ಗೊತ್ತಾಗಿ, “ತಗೀರಿ ಸರ, ಜರಗ್ತೀನಿ,” ಎಂದು ಹೆಗಲ ಟವೆಲ್ಲಿನಿಂದ ಕಣ್ಣೊರೆಸಿಕೊಂಡ.

ತಮ್ಮ ಕ್ಯಾಮೆರಾದಿಂದ ಮುಖ ಎತ್ತಿದ.

“ಬ್ಯಾಡ್ರಿ ಕಾಕಾ. ಅಲ್ಲೇ ನಿಂದ್ರಿ. ಕೈ ಹಂಗ ಇರ್ಲಿ.”